ಸಭೆಗೆ ಬಂದವರಿಗೆ, ಬೈದವರಿಗೂ

ಎಲ್ಲರಿಗೂ ನಮಸ್ಕಾರ. 2020ರ ಡಿಸೆಂಬರ್‌ನಲ್ಲಿ ನೀವು ಆರಿಸಿದ ನಮ್ಮ ಗ್ರಾಮ ಪಂಚಾಯಿತಿಯ ಅವಧಿ ಮುಗಿಯಿತು. ಅದರಲ್ಲಿ ಕೊನೆಯ ಎರಡೂವರೆ ವರ್ಷ ಅಧ್ಯಕ್ಷನೂ ಆಗಿದ್ದೆ. ಥ್ಯಾಂಕ್ಸ್ ಹೇಳದೆ ಸುಮ್ನೆ ಎದ್ದು ಹೋದರೆ ಸರಿ ಆಗಲ್ಲ.

ಯಲ್ಲಾಪುರದ ಕಡೆಯವರಿಗೆ ಗೊತ್ತಿದ್ದದ್ದೇ, ಹೊರಗಿನವರಿಗಾಗಿ ಹೇಳುತ್ತೇನೆ. ಒಂದೇ ಪಂಚಾಯಿತಿ, ಆದರೆ ಅಡಿಕೆ ತೋಟದ ಹವ್ಯಕರು ಒಂದು ಕಡೆ, ಗುಡ್ಡದ ಮೇಲೆ ಎಮ್ಮೆ ಕಟ್ಟಿಕೊಂಡ ಗೌಳಿಗರು ಇನ್ನೊಂದು ಕಡೆ, ಕಾಡಂಚಿನಲ್ಲಿ ಸಿದ್ದಿಯರು, ನಡುವೆ ನಮ್ಮ ಕುಣಬಿ ಮನೆಗಳು. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ನಿಜ. ಆದರೆ ನಿಂತವನು ಯಾರ ಪೈಕಿ ಅಂತ ಕೇಳದವರು ಯಾರಿದ್ದಾರೆ ಹೇಳಿ? ಕುಣಬಿ ಗೆದ್ದ, ಇನ್ನು ನೀರು, ರಸ್ತೆ ಎಲ್ಲ ಅವರ ಕೇರಿಗೇ ಅಂದರು ಕೆಲವರು. ನಮ್ಮ ಕೇರಿಯವರದು ಉಲ್ಟಾ, ನಮ್ಮವನೇ ಇದ್ದೂ ಏನೂ ಮಾಡಲಿಲ್ಲ ಅಂತ.

ಜಾಸ್ತಿ ನಿದ್ದೆ ಕೆಡಿಸಿದ್ದು ಅರಣ್ಯ ಹಕ್ಕಿನ ಅರ್ಜಿಗಳು, ಅಂದರೆ ಕಾಡಿನ ಜಾಗದಲ್ಲಿ ಮೊದಲಿನಿಂದ ಇರುವವರು ಆ ಜಾಗದ ಹಕ್ಕು ಕೇಳಿ ಹಾಕುವ ಅರ್ಜಿಗಳು. ಇಲ್ಲಿನ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಅವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಜಾಗದಲ್ಲಿದ್ದೇವೆ ಅಂತ ತೋರಿಸಿದರೆ ಸಾಕು. ಗೌಳಿಗರು, ಕುಣಬಿಗಳು ಆ ಪಟ್ಟಿಯಲ್ಲಿಲ್ಲ. ನಾವು ಮೂರು ತಲೆಮಾರು, ಅಂದರೆ 75 ವರ್ಷದ ಸಾಕ್ಷ್ಯ ಕೊಡಬೇಕು. ಬೇಲಿಯ ಆಚೆ ಒಂದು ಲೆಕ್ಕ, ಈಚೆ ಒಂದು ಲೆಕ್ಕ. ಮೇವು ಹುಡುಕಿಕೊಂಡು ಅಲೆದವರ ಹತ್ತಿರ 1930ರ ಕಾಗದ ಎಲ್ಲಿಂದ ಬರಬೇಕು?

ವಾಪಸ್ ಬಂದ ಅರ್ಜಿಗಳಲ್ಲಿ ನಮ್ಮ ಕಾಕನದೂ ಒಂದು. ಆದರೂ ಪಕ್ಕದ ಸಿದ್ದಿ ಮನೆಯ ಅರ್ಜಿ ಗ್ರಾಮಸಭೆಗೆ ಬಂದ ದಿನ ಮೊದಲು ಕೈ ಎತ್ತಿದ್ದು ಅವನೇ. ಕಾಕಾ, ಮನೆಯಲ್ಲಿ ಎದುರಿಗೆ ಕೂತು ಹೇಳೋಕೆ ನಾಚಿಕೆ, ಇಲ್ಲಿ ಹೇಳುತ್ತೇನೆ, ಥ್ಯಾಂಕ್ಸ್.

ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಇಡಬಹುದು ಅಂತ ನಿಯಮದಲ್ಲೇ ಇದೆ. ಒಂದು ಗೌಳಿ ಮನೆಯ ಅರ್ಜಿಗೆ ಹಾಗೆ ಹೇಳಿಕೆ ಕೊಡಲು ಬಂದವರು ಒಬ್ಬ ಸಿದ್ದಿ ಅಜ್ಜಿ. ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಿದ್ದರು. "ನಾ ಹುಟ್ಟೂ ಮೊದ್ಲೇ ಇವ್ರ ಕೊಟ್ಟಿಗೆ ಅಲ್ಲೇ ಇತ್ತಂತೆ, ನಮ್ಮಪ್ಪ ಅಲ್ಲಿಂದ್ಲೇ ತುಪ್ಪ ತರ್ತಿದ್ದ" ಅಂದರು. ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೇ ಒರೆಸಿಕೊಂಡು, ಚಹಾ ಕೊಡೋದಿಲ್ವಾ ಅಂತ ಕೇಳಿದರು. ಕೊಟ್ಟೆವು ಅಜ್ಜಿ, ಅದು ಏನೂ ಸಾಲದು.

ಹೆಂಗಸರಿಗೆ ದೊಡ್ಡ ನಮಸ್ಕಾರ. ಈ ಅರ್ಜಿಗಳ ಸಭೆಗೆ ಅರ್ಧದಷ್ಟು ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಅಡಿಕೆ ಸುಲಿಯುವ ದಿನಗಳಲ್ಲಿ ಕೂಲಿ ಬಿಟ್ಟು ಬಂದಿರಿ. ಗಂಡಸರು ಬಾಗಿಲಲ್ಲೇ ನಿಂತು ಎಲೆ ಹಾಕಿಕೊಂಡು ಹೋಗುತ್ತಿದ್ದರು, ನೀವು ಕೊನೆಯವರೆಗೂ ಕೂತಿರಿ.

ಎಮ್ಮೆಗಳು ನುಗ್ಗಿ ಅಡಿಕೆ ಸಸಿ ತುಳಿದಾಗ ಠಾಣೆಗೆ ಹೋಗದೆ ಅಂಗಳದಲ್ಲೇ ಮಾತಾಡಿ ಮುಗಿಸಿದ ತೋಟದ ಅಣ್ಣನಿಗೆ, ಬೇಲಿ ಕಟ್ಟಲು ಮರುದಿನವೇ ಬಂದ ಗೌಳಿ ಹುಡುಗರಿಗೆ ಥ್ಯಾಂಕ್ಸ್. 2021ರ ಜುಲೈ ಮಳೆಯಲ್ಲಿ, ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದ ಆ ವಾರ, ಯಾರ ಮನೆ ಅಂತ ನೋಡದೆ ಹಾರೆ ಹಿಡಿದು ಬಂದವರಿಗೂ.

ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದ ಮೇಲೆ ನಮ್ಮ ಸಿದ್ದಿ ಹುಡುಗರು ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ಶುರು ಮಾಡಿದರು. ಜಾಸ್ತಿ ಕೇಳಿಸಿಕೊಂಡವನು ನಾನೇ! ಕೇಳುತ್ತಲೇ ಇರಿ.

ಗೌಳಿವಾಡದ ರಸ್ತೆ ಆಗಲಿಲ್ಲ. ಕಡತ ಒಂದು ಕಚೇರಿಯಲ್ಲಿ ಕೂತಿದೆ, ಅದರ ನಕಲು ನನ್ನ ಹತ್ತಿರ ಇದೆ. ಮುಂದೆ ಗೆದ್ದು ಬರುವವರು ಯಾವ ಕೇರಿಯವರೇ ಆಗಲಿ, ಬಂದು ಇಸಿದುಕೊಳ್ಳಿ. ಅರ್ಜಿ ಬರೆಸಬೇಕಾದವರು ಮೊದಲಿನ ಹಾಗೇ ಮನೆಗೆ ಬನ್ನಿ, ಭಾನುವಾರ ಮಾತ್ರ ಬೇಡ, ಅವತ್ತು ಸಂತೆ.