ಅಪ್ಪನಿಗೆ ಹೇಳಬೇಡಿ ಅಂತ ಬರೆದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ, ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಗುರುವಾರ ಕೈಸೇರಿತು. ಎಲ್ಲೆಲ್ಲಿ ಅರ್ಜಿ ಹಾಕಿದ್ದೀಯ, ಜಿಆರ್‌ಇ ಪರೀಕ್ಷೆಯಲ್ಲಿ ಎಷ್ಟು ಬಂತು, ಅದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಜರ್ಮನಿಯ ಸ್ಟಟ್‌ಗಾರ್ಟ್‌ನಿಂದಲೂ ಅಮೆರಿಕದ ಕೊಲರಾಡೊ ಸ್ಟೇಟ್‌ನಿಂದಲೂ ಕರೆ ಬಂದಿದೆ ಅಂತ ನನಗೊಬ್ಬಳಿಗೇ ಹೇಳಿದೆಯಲ್ಲ, ಓದಿ ಕಣ್ಣು ತುಂಬಿತು. ಅದರ ಕೆಳಗಿನ ನಾಲ್ಕು ಸಾಲು ಓದಿದ ಮೇಲೆ ಮಾತ್ರ ಸರಿಯಾಗಿ ನಿದ್ದೆ ಬಂದಿಲ್ಲ.

“ಮನೆ ಪತ್ರ ಬ್ಯಾಂಕಿಗೆ ಇಡಬೇಕು ಅಂದ್ರೆ ನನಗೆ ಹೋಗೋದೇ ಬೇಡ ಅತ್ತೆ. ನಾನು ಅಲ್ಲಿ ಸೋತು ಮನೆ ಹೋದ್ರೆ? ಎಲ್ಲೂ ಸೀಟು ಸಿಗಲಿಲ್ಲ ಅಂತ ಹೇಳಿಬಿಡ್ತೀನಿ. ನೀವು ಅಪ್ಪನಿಗೆ ಹೇಳಬೇಡಿ.”

ಇದೇ ಸುಳ್ಳನ್ನು ಇದೇ ಮನೆಯಲ್ಲಿ, ಇದೇ ಕಾರಣಕ್ಕೆ ಒಬ್ಬಳು ಮೊದಲೇ ಹೇಳಿದ್ದಾಳೆ. ಅದು ನಾನು. ನಿನ್ನ ಅಪ್ಪನಿಗೂ ಇದು ಗೊತ್ತಿಲ್ಲ.

ಮೊದಲು ನಿನ್ನ ಭಯದ ಮಾತು. ಮನೆ ಹೋದರೆ ಅಂತ ಕೇಳಿದ್ದೀಯ. ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಕೊನೆಯ 12 ವರ್ಷ ಸಾಲದ ವಿಭಾಗದಲ್ಲೇ ಇದ್ದೆ. ಹೋಗುವುದೇ ಇಲ್ಲ ಅಂತ ಸುಮ್ನೆ ಧೈರ್ಯ ಹೇಳಲಾರೆ. ಆದರೆ ರಾತ್ರೋರಾತ್ರಿ ಹೋಗುವುದಿಲ್ಲ ಪುಟ್ಟಿ. ಪತ್ರಗಳು ಬ್ಯಾಂಕಿನಲ್ಲಿರುತ್ತವೆ, ಮನೆಯಲ್ಲಿ ನೀವೇ ಇರುತ್ತೀರಿ. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಕೇಳುವುದಿಲ್ಲ. ಆಮೇಲೆ ಕಂತು ನಿಂತು 90 ದಿನ ದಾಟಿದರೆ ಆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಅಲ್ಲಿಂದ ಮುಂದೆ ನೋಟಿಸು, ಅದಕ್ಕೆ 60 ದಿನ ಗಡುವು. ಇಷ್ಟರೊಳಗೆ ಮಾತಾಡಲು ಹತ್ತು ಸಲ ಅವಕಾಶ ಇರುತ್ತದೆ. ಸಾಲ ತೀರಿದ ಮೇಲೆ ಪತ್ರ ವಾಪಸು ಕೊಡಲು ಬ್ಯಾಂಕಿಗೆ 30 ದಿನ ಮಾತ್ರ. ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ 2023ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ಅಂಥ ನೋಟಿಸಿಗೆ ನಾನೂ ಒಮ್ಮೆ ಸಹಿ ಹಾಕಿದ್ದೇನೆ. ಓದಲು ಹೋದ ಹುಡುಗ ಎರಡು ಸೆಮಿಸ್ಟರ್ ಫೇಲಾಗಿ ಕಾಲೇಜು ಬಿಟ್ಟಿದ್ದ. ಮನೆಯವರಿಗೆ ಹೇಳಿರಲಿಲ್ಲ. ಅವನ ತಂದೆಗೆ ವಿಷಯ ಗೊತ್ತಾದದ್ದು ನಮ್ಮ ನೋಟಿಸಿನಿಂದ. ಅವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಆ ಹಾಳೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಮೇಡಂ, ಇದು ನನ್ನ ಮಗನದ್ದೇನಾ?” ಅಂತ ಎರಡು ಸಲ ಕೇಳಿದರು. ಅವರ ಮನೆ ಉಳಿಯಿತು. ಊರಲ್ಲಿದ್ದ ತುಂಡು ಜಮೀನು ಮಾರಿ ಕಟ್ಟಿದರು. ಅವನು ಒಂದು ವರ್ಷ ಮೊದಲೇ ಬಾಯಿ ಬಿಟ್ಟಿದ್ದರೆ ಕಂತನ್ನು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ಕೊಡಬಹುದಿತ್ತು. ಅಷ್ಟು ನಮ್ಮ ಕೈಲಿತ್ತು.

ಅವನು ಸೋತದ್ದನ್ನು ಮುಚ್ಚಿಟ್ಟ. ನೀನು ಗೆದ್ದದ್ದನ್ನು ಮುಚ್ಚಿಡಲು ಹೊರಟಿದ್ದೀಯ. ನಾನು ಮಾಡಿದ್ದೂ ಅದನ್ನೇ.

1985. ನನಗೆ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಆಗಿತ್ತು. ಆಗ ಬ್ರಿಟಿಷ್ ಲೈಬ್ರರಿ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ, ಕೋಶೀಸ್ ಕಟ್ಟಡದಲ್ಲಿತ್ತು. ಅಲ್ಲಿ ಕಾಮನ್‌ವೆಲ್ತ್ ವಿಶ್ವವಿದ್ಯಾಲಯಗಳ ದಪ್ಪ ಪುಸ್ತಕ ಇಟ್ಟಿದ್ದರು. ಶನಿವಾರ ಹೋಗಿ ವಿಳಾಸ ಬರೆದುಕೊಂಡು ಬರುತ್ತಿದ್ದೆ, ಏರೋಗ್ರಾಮಿನಲ್ಲಿ ಪತ್ರ ಹಾಕುತ್ತಿದ್ದೆ. ಉತ್ತರಕ್ಕೆ ಒಂದೂವರೆ ತಿಂಗಳು. ಕೆನಡಾದ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂತು. ಫೀಸು ಅವರೇ ನೋಡಿಕೊಳ್ಳುತ್ತೇವೆ, ಪಾಠದ ಕೆಲಸಕ್ಕೆ ಸಂಬಳವೂ ಇದೆ ಅಂದರು. ವಿಮಾನದ ಟಿಕೆಟ್ಟು, ಮೊದಲ ಎರಡು ತಿಂಗಳ ಖರ್ಚು ಮಾತ್ರ ನಮ್ಮದು. ಅಷ್ಟೂ ನಮ್ಮ ಹತ್ತಿರ ಇರಲಿಲ್ಲ.

ನಿನ್ನ ತಾತ ಆ ವರ್ಷವಷ್ಟೇ ಸೊಸೈಟಿ ಸಾಲ ತೀರಿಸಿ ಮನೆ ಪತ್ರ ಬಿಡಿಸಿಕೊಂಡು ಬಂದಿದ್ದರು. ಹಳದಿ ಬಟ್ಟೆಯಲ್ಲಿ ಸುತ್ತಿ, ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟರು. ಅವತ್ತು ರಾತ್ರಿ ಅವರು ಗೊರಕೆ ಹೊಡೆದು ಮಲಗಿದ್ದು ನನಗೆ ನೆನಪಿದೆ. ಈ ಮನುಷ್ಯನ ಹತ್ತಿರ ಮತ್ತೆ ಆ ಕಟ್ಟು ಬಿಚ್ಚಿ ಅಂತ ಹೇಗೆ ಕೇಳಲಿ? ಅಲ್ಲಿ ನನ್ನ ಕೈಲಿ ಆಗದಿದ್ದರೆ? ಮನೆ ಹೋದರೆ? ನಿನ್ನದೇ ಮಾತು ನೋಡು, ಒಂದಕ್ಷರ ಬೇರೆ ಇಲ್ಲ.

ನನ್ನ ಅಪ್ಪ ಮೂರು ಸಲ ಕೇಳಿದರು, “ಉತ್ತರ ಬಂತಾ?” ಮೂರನೇ ಸಲ ನಾನು “ಬಂತಪ್ಪ, ಆಗಲ್ಲ ಅಂದಿದ್ದಾರೆ” ಅಂದೆ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. “ಅವರಿಗೆ ಯೋಗ ಇಲ್ಲ ಬಿಡು” ಅಂದರು. ಆಮೇಲೆ ಆ ಮಾತೇ ಎತ್ತಲಿಲ್ಲ.

ಹೋಗದೇ ಇದ್ದದ್ದಕ್ಕೆ ನನಗೆ ಅಷ್ಟು ದುಃಖ ಇಲ್ಲ. ಬ್ಯಾಂಕ್ ಕೆಲಸ ಸಿಕ್ಕಿತು, ಸಂಸಾರ ಆಯಿತು, ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಅಪ್ಪ ತೀರಿಹೋಗುವವರೆಗೂ ತನ್ನ ಮಗಳನ್ನು ಆ ಊರಿನವರು ಬೇಡ ಅಂದರು ಅಂತಲೇ ನಂಬಿದ್ದರು. ಅದನ್ನು ನಾನು ಯಾವತ್ತೂ ಸರಿ ಮಾಡಲಿಲ್ಲ.

2001ರಲ್ಲಿ ಖಾತಾ ನಿನ್ನ ಅಪ್ಪನ ಹೆಸರಿಗೆ ಮಾಡಿಸಲು ಆ ಕಟ್ಟು ಬಿಚ್ಚಿದೆವು. ಬ್ಯಾಂಕಿನವಳು ಅಂತ ಕಾಗದ ಜೋಡಿಸುವ ಕೆಲಸ ನನ್ನದಾಯಿತು. ಕ್ರಯಪತ್ರ, ಖಾತಾ, ಕಂದಾಯದ ರಸೀದಿಗಳು. ಅವುಗಳ ನಡುವೆ ಒಂದು ಇಸಿ, ಅಂದರೆ ಆಸ್ತಿಯ ಮೇಲೆ ಸಾಲ ಇದೆಯೋ ಇಲ್ಲವೋ ಅಂತ ತೋರಿಸುವ ಪತ್ರ. 1985ರ ಮೇ ತಿಂಗಳದ್ದು, 13 ವರ್ಷಕ್ಕೆ ತೆಗೆಸಿದ್ದು. ಆಗ ಮನೆ ಆಧಾರದ ಸಾಲಕ್ಕೆ ಕೇಳುತ್ತಿದ್ದುದು ಅಷ್ಟೇ ವರ್ಷದ ಇಸಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದು ಅದನ್ನು ಯಾರೂ ಸುಮ್ನೆ ತೆಗೆಸುವುದಿಲ್ಲ. ಯಾಕೆ ತೆಗೆಸಿದರು ಅಂತ ಕೇಳೋಣ ಅಂದರೆ ಅವರಿರಲಿಲ್ಲ. ನಿನ್ನ ಅಪ್ಪ ಪಕ್ಕದಲ್ಲೇ ಕೂತು ಜೆರಾಕ್ಸ್ ಎಣಿಸುತ್ತಿದ್ದ. ನಾನು ಅದನ್ನು ಮತ್ತೆ ಕಟ್ಟಿನೊಳಗೇ ಇಟ್ಟೆ.

ಪುಟ್ಟಿ, ಮನೆ ಹೋದರೆ ಅಂತ ಹೆದರುವ ಹಕ್ಕು ನಿನಗೆ ಇದೆ. ಆದರೆ ಆ ಮನೆ ನಿನ್ನ ಅಪ್ಪನದ್ದು. ಇಡಬೇಕೋ ಬೇಡವೋ ಅನ್ನುವುದು ಅವನಿಗೆ ಸೇರಿದ ಮಾತು. ಅವನನ್ನು ಕೇಳದೇ ಅವನ ಪರವಾಗಿ ನೀನೇ ಬೇಡ ಅಂತ ಹೇಳಿಬಿಡಬೇಡ.

ಯಾವ ವಿಶ್ವವಿದ್ಯಾಲಯ ಅಂತ ಕೇಳಿದ್ದೀಯ. ನೀರಿನ ಎಂಜಿನಿಯರಿಂಗ್ ನನಗೆ ತಿಳಿಯದ ವಿಷಯ, ಅದನ್ನು ನಿನ್ನ ಮೇಷ್ಟ್ರ ಹತ್ತಿರ ಕೇಳು. ನನಗೆ ಬರುವುದು ದುಡ್ಡಿನ ಲೆಕ್ಕ ಮಾತ್ರ, ಅದನ್ನೇ ಹೇಳುತ್ತೇನೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸ್ಟಟ್‌ಗಾರ್ಟ್ ಇರುವ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು, ಈಗಿನ ದರದಲ್ಲಿ 12 ಲಕ್ಷ ರೂಪಾಯಿಗೂ ಹೆಚ್ಚು. ಅದು ಖರ್ಚಲ್ಲ, ತಿಂಗಳಿಗೆ 992ರಂತೆ ನಿನಗೇ ವಾಪಸು ಬರುತ್ತದೆ. ಆದರೂ ಮೊದಲ ದಿನ ಅಷ್ಟೂ ಹಣ ಒಟ್ಟಿಗೆ ಬೇಕಲ್ಲ.

ಕೊಲರಾಡೊದವರು ವೀಸಾಕ್ಕೆಂದು ಕಳಿಸುವ ಐ-20 ಅನ್ನುವ ಕಾಗದದಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಖರ್ಚು ಮಾತ್ರ ಇರುತ್ತದೆ. ಎರಡರಿಂದ ಗುಣಿಸು. ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. ಎರಡನೇ ವರ್ಷದ ಫೀಸು ಕಟ್ಟುವ ದಿನ ಡಾಲರು ಎಷ್ಟಿರುತ್ತದೋ ಅಷ್ಟು ಕೊಡಬೇಕು. ನಾನು ಅರ್ಜಿ ಹಾಕುವಾಗ ಅದು ಸುಮಾರು 12 ರೂಪಾಯಿ ಇತ್ತು, ಈಗ 85 ದಾಟಿ ಹೋಗಿದೆ. ಅಸಿಸ್ಟೆಂಟ್‌ಶಿಪ್, ಅಂದರೆ ಓದುತ್ತಾ ಸಂಬಳಕ್ಕೆ ಮಾಡುವ ಪಾಠದ ಇಲ್ಲವೇ ಸಂಶೋಧನೆಯ ಕೆಲಸ, ಅದರ ಬಗ್ಗೆ ಬೇಗ ಉತ್ತರ ಕೊಡಿ ಅಂದರೆ ಗಾಬರಿ ಬೀಳಬೇಡ. ಏಪ್ರಿಲ್ 15ರ ತನಕ ಯೋಚಿಸಲು ಬಿಡಬೇಕು ಅಂತ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಆ ಪಟ್ಟಿಯಲ್ಲಿ ಇವರೂ ಇದ್ದಾರಾ ನೋಡಿಕೋ. ಅಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಲೆಕ್ಕದಲ್ಲಿ ಸೇರಿಸಬೇಡ. ಸಿಕ್ಕರೆ ಸಂತೋಷ.

ಇನ್ನೊಂದು, ಓದುವಾಗಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಬಂದರೆ ಕೊನೆಗೆ ಭಾರ ಬಹಳ ಕಡಿಮೆ. ಆ ಬಡ್ಡಿಯನ್ನು ನಾನು ನೋಡಿಕೊಳ್ಳುತ್ತೇನೆ ಅಂತ ನಿನ್ನ ಮಾವನ ಹತ್ತಿರ ಆಗಲೇ ಹೇಳಿದ್ದೇನೆ, ಅವರೂ ಹೂಂ ಅಂದಿದ್ದಾರೆ. ನನ್ನ ಹೆಸರಿನಲ್ಲಿ ಒಂದು ಎಫ್‌ಡಿಯೂ ಇದೆ. ಬ್ಯಾಂಕಿನವರು ಅದನ್ನೂ ಆಧಾರವಾಗಿ ಒಪ್ಪುತ್ತಾರೆ. ಅದೊಂದರಲ್ಲೇ ಮುಗಿಯುವುದಿಲ್ಲ, ಕ್ಷಮಿಸು. ಹೇಳಲು ಹೋಗಿ ಬರೀ ಲೆಕ್ಕವನ್ನೇ ಬರೆದುಬಿಟ್ಟೆ. ನಿನಗೆ ಬೇಕಾಗಿದ್ದ ಉತ್ತರ ಇದು ಅಲ್ವೇನೋ.

ಯುಗಾದಿಗೆ ಬರುತ್ತೀಯಲ್ಲ. ಹಬ್ಬದ ಮರುದಿನ ಬೆಳಗ್ಗೆ ತಿಂಡಿಗೆ ಹನುಮಂತನಗರದ ಮನೆಗೆ ನಾನೂ ಬರುತ್ತೇನೆ. ಎರಡೂ ಕಡೆಯ ಕರೆಯ ಪ್ರಿಂಟ್ ತೆಗೆಸಿಕೊಂಡು ಬಾ. ಫೋನಿನಲ್ಲಿ ತೋರಿಸಬೇಡ, ಅಪ್ಪನ ಕೈಗೆ ಕೊಡು. ನಿನ್ನ ಭಯವನ್ನೂ ಅವನಿಗೇ ಹೇಳು, ನನಗೆ ಬರೆದ ಹಾಗೆಯೇ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮೊದಲು ನನ್ನ ಕೆನಡಾದ ವಿಷಯ ಅವನಿಗೆ ಹೇಳುತ್ತೇನೆ, ಆಮೇಲೆ ನೀನು ಶುರು ಮಾಡು. ಅವನು ಬೇಡ ಅಂದರೆ ನಾನು ಒಂದು ಮಾತೂ ಆಡುವುದಿಲ್ಲ. ಹಳದಿ ಬಟ್ಟೆಯ ಕಟ್ಟು ಈಗಲೂ ಅದೇ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಬಿಚ್ಚುವುದಾದರೆ ಅವನೇ ಬಿಚ್ಚಲಿ.

ಇಂತಿ ನಿನ್ನ ಪ್ರೀತಿಯ
ಅತ್ತೆ

ಮರೆತಿದ್ದೆ: ಸುರತ್ಕಲ್‌ನಿಂದ ಬರುವ ಬಸ್ಸಿಗೆ ಇವತ್ತೇ ಟಿಕೆಟ್ ಮಾಡಿಸು. ಹಬ್ಬದ ಹಿಂದಿನ ರಾತ್ರಿ ಒಂದು ಸೀಟೂ ಸಿಗುವುದಿಲ್ಲ.