8372, ಮತ್ತು ಮೂರು ಚುಕ್ಕಿ

ಪ್ರೀತಿಯ ತಮ್ಮ,

ನಿನ್ನ ಲೇಖನ ಬಂದು ಹನ್ನೆರಡು ದಿನ ಆಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ಅಂಥ ಹೊತ್ತಿನಲ್ಲಿ ಉತ್ತರ ಬರೆಯಬಾರದು ಅಂತ ಪಕ್ಕಕ್ಕಿಟ್ಟೆ. ನಿನ್ನೆ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ನೀನು ಹುಟ್ಟುವುದಕ್ಕೆ ಮುಂಚೆ, ಯುಗೊಸ್ಲಾವಿಯಾ ಒಡೆದಾಗ ನಡೆದ ಯುದ್ಧದಲ್ಲಿ, ಅಷ್ಟು ದೂರದ ಬೋಸ್ನಿಯಾದ ಒಂದು ಊರಿನಲ್ಲಿ ಸತ್ತವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನಿಸಿತಲ್ಲ, ಅದು ನನಗೆ ತುಂಬ ದೊಡ್ಡ ವಿಷಯ. ಅದಕ್ಕೇ ಸುಮ್ನೆ ಹೊಗಳಿ ಕಳಿಸಲು ಮನಸ್ಸು ಬರಲಿಲ್ಲ.

ಮೊದಲು ಊರಿನ ಹೆಸರು. ಉದ್ದಕ್ಕೂ 'ಸ್ರೆಬ್ರೆನಿಕಾ' ಅಂತ ಬರೆದಿದ್ದೀಯ. ಇಂಗ್ಲಿಷ್ ಅಕ್ಷರ ನೋಡಿ ನಾವು ಹಾಗೆ ಓದುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು 'ಸ್ರೆಬ್ರೆನಿತ್ಸ'. ಅವರ ಭಾಷೆಯಲ್ಲಿ ಸ್ರೆಬ್ರೊ ಅಂದರೆ ಬೆಳ್ಳಿ. ಬೆಳ್ಳಿಯ ಗಣಿಯಿಂದ ಹೆಸರು ಪಡೆದ ಊರು ಅದು. ಊರಿನವರು ಕರೆಯುವ ಹಾಗೇ ಕರೆಯೋಣ.

ಈ ಹೆಸರನ್ನು ನಾನೂ ಒಮ್ಮೆ ತಪ್ಪಾಗಿ ಬರೆದಿದ್ದೆ. 1995ರ ಜುಲೈ. ಒಂದು ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿ. ವಿದೇಶದ ಸುದ್ದಿಗೆ ಒಳಪುಟದಲ್ಲಿ ಒಂದಿಷ್ಟು ಜಾಗ ಇರುತ್ತಿತ್ತು. ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಗದ ಹರಿದು ತಂದು ನಾಲ್ಕು ಸಾಲಿಗೆ ಇಳಿಸಿದೆ. 'ಘರ್ಷಣೆ: ಸಾವಿರಾರು ಮಂದಿ ನಾಪತ್ತೆ' ಅಂತ ತಲೆಬರಹ ಕೊಟ್ಟೆ. ಘರ್ಷಣೆ ಅನ್ನಬೇಕಾದರೆ ಎರಡು ಕಡೆಯವರೂ ಹೊಡೆದಾಡುತ್ತಿರಬೇಕು, ಅಲ್ವಾ? ಆ ವಾರ ಅಲ್ಲಿ ಕೈ ಕಟ್ಟಿದ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು. 'ಘರ್ಷಣೆ' ಅನ್ನುವ ಪದ ಇಂಗ್ಲಿಷ್ ಪ್ರತಿಯಲ್ಲಿ ಇರಲಿಲ್ಲ. ಕೈಗೆ ಸುಲಭವಾಗಿ ಸಿಕ್ಕಿತು, ಹಾಕಿದೆ. ವರ್ಷಗಳ ಮೇಲೆ ನಿಜ ಏನು ಅಂತ ಓದಿದಾಗ ಆ ತಲೆಬರಹ ನೆನಪಾಯಿತು. ಇವತ್ತಿಗೂ ಮರೆತಿಲ್ಲ.

ಅದಕ್ಕೇ ನಿನ್ನ ಪದಗಳ ಹಿಂದೆ ಬಿದ್ದಿದ್ದೇನೆ. ಎರಡನೇ ಪುಟದಲ್ಲಿ 'ಎಂಟು ಸಾವಿರ ಮುಸ್ಲಿಮರು ಕೊಲ್ಲಲ್ಪಟ್ಟರು' ಅಂತ ಇದೆ. ಯಾರು ಕೊಂದರು? 'ಲ್ಪಟ್ಟರು' ಅಂದ ಕೂಡಲೇ ಕೊಂದವನು ವಾಕ್ಯದಿಂದ ಎದ್ದು ಹೋಗುತ್ತಾನೆ. ನಮ್ಮ ಮನೆಗಳಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. 'ಅವನನ್ನು ಇಂಥವರು ಕೊಂದರು' ಅನ್ನುತ್ತೇವೆ. ಹಾಗೇ ಬರೆ: ರಾಟ್ಕೊ ಮ್ಲಾಡಿಚ್ ಕೈಕೆಳಗಿನ ಬೋಸ್ನಿಯಾ ಸರ್ಬ್ ಸೇನೆ ಅವರನ್ನು ಕೊಂದಿತು. ಹಾಗಂತ ನಾಲ್ಕನೇ ಪುಟದಲ್ಲಿ ಮಾಡಿರುವ ಹಾಗೆ 'ಸರ್ಬರು ಕೊಂದರು' ಅಂತಲೂ ಬರೆಯಬೇಡ. ಒಂದು ಇಡೀ ಜನ ಬಂದೂಕು ಹಿಡಿದು ನಿಂತಿರಲಿಲ್ಲ. ಬ್ರಾನ್ಯೆವೊ ಅನ್ನುವ ಕಡೆ ಒಂದು ತೋಟದಲ್ಲಿ ಜುಲೈ 16ರಂದು ಗುಂಡು ಹೊಡೆದ ತಂಡದಲ್ಲಿದ್ದ ದ್ರಾಜೆನ್ ಎರ್ದೆಮೊವಿಚ್ ಹುಟ್ಟಿನಿಂದ ಸರ್ಬನೇ ಅಲ್ಲ, ಕ್ರೊಯಾಟ್. ಅವನು, ಆ ಯುದ್ಧದ ಅಪರಾಧ ವಿಚಾರಿಸಲು ವಿಶ್ವಸಂಸ್ಥೆ ಕೂರಿಸಿದ್ದ ಹೇಗ್ ನ್ಯಾಯಮಂಡಳಿಯ ಮುಂದೆ ತಾನಾಗಿ ತಪ್ಪೊಪ್ಪಿಕೊಂಡ. ಗುಂಡು ಹೊಡೆಯಲು ಮೊದಲು ಒಲ್ಲೆ ಅಂದಿದ್ದನಂತೆ. ಸೆರೆಯವರ ಮೇಲೆ ಅಷ್ಟು ಕನಿಕರ ಇದ್ದರೆ ನೀನೂ ಅವರ ಸಾಲಿನಲ್ಲಿ ನಿಂತುಕೋ ಅಂದರಂತೆ. ತಾನೊಬ್ಬನೇ ಸುಮಾರು 70 ಜನರನ್ನು ಕೊಂದೆ ಅಂತ ಅವನೇ ಹೇಳಿದ. ಕೊನೆಗೆ ಅವನಿಗೆ ಆದದ್ದು ಐದು ವರ್ಷ. ನ್ಯಾಯಾಲಯ ಇಡೀ ಜನರ ಮೇಲೆ ತೀರ್ಪು ಕೊಡುವುದಿಲ್ಲ. ಒಬ್ಬೊಬ್ಬನನ್ನೇ ಕರೆದು, ನೀನು ಎಲ್ಲಿದ್ದೆ, ಏನು ಮಾಡಿದೆ ಅಂತ ಕೇಳುತ್ತದೆ. ಬರೆಯುವವರೂ ಹಾಗೇ ಕೇಳಬೇಕು.

ನರಮೇಧ, ಮಾರಣಹೋಮ ಅನ್ನುವ ಪದಗಳನ್ನು ಜಾಸ್ತಿ ಬಳಸಿದ್ದೀಯ. ನಮ್ಮ ಪತ್ರಿಕೆಗಳ ಅಭ್ಯಾಸ ಅದು, ನನಗೂ ಇತ್ತು. ಆದರೆ ಒಂದು ಸಲ ಆ ಪದಗಳನ್ನು ಕಿವಿಗೊಟ್ಟು ಕೇಳು. ಮೇಧ, ಹೋಮ. ಎರಡೂ ಯಜ್ಞದ ಮಾತು. ಗೋಡೌನಿನಲ್ಲಿ ಕೂಡಿಹಾಕಿ ಗ್ರೆನೇಡ್ ಎಸೆದದ್ದರಲ್ಲಿ ಯಾವ ಹೋಮ ಇದೆ? 'ಕೊಲೆ' ಅನ್ನು, 'ಸಾಮೂಹಿಕ ಕೊಲೆ' ಅನ್ನು. ಕಾನೂನಿನ ಅರ್ಥದಲ್ಲಿ ಹೇಳಬೇಕಾದಾಗ ಮಾತ್ರ 'ಜನಾಂಗಹತ್ಯೆ' ಅನ್ನು. ಜನಾಂಗಹತ್ಯೆ ತಡೆಯಲು ವಿಶ್ವಸಂಸ್ಥೆ ಮಾಡಿದ 1948ರ ಒಪ್ಪಂದದಲ್ಲಿ ಅದಕ್ಕೆ ಬಿಗಿಯಾದ ಅರ್ಥ ಇದೆ. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ಅಳಿಸಿಹಾಕುವ ಉದ್ದೇಶ ಇತ್ತು ಅಂತ ಸಾಬೀತಾಗಬೇಕು. ಸ್ರೆಬ್ರೆನಿತ್ಸದಲ್ಲಿ ಅದು ಸಾಬೀತಾಯಿತು. ಹೇಗ್ ನ್ಯಾಯಮಂಡಳಿ 2001ರಲ್ಲಿ ಹಾಗೆ ಹೇಳಿತು, 2004ರ ಮೇಲ್ಮನವಿಯಲ್ಲೂ ಅದು ಉಳಿಯಿತು, 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಒಪ್ಪಿತು. ಬೋಸ್ನಿಯಾದಲ್ಲೇ ಪ್ರಿಯೆದೊರ್ ಕಡೆಯ ಓಮಾರ್ಸ್ಕಾ ಸೆರೆ ಕ್ಯಾಂಪಿನಲ್ಲಿ ನಡೆದದ್ದನ್ನು ಮಾತ್ರ ಇವೇ ನ್ಯಾಯಾಲಯಗಳು ಆ ಪದದಿಂದ ಕರೆಯಲಿಲ್ಲ. ಅಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿಗೆ ಈ ವ್ಯತ್ಯಾಸ ಹೇಗೆ ಕಂಡೀತು? ಆ ನೋವನ್ನೂ ಬರೆ. ಆದರೆ ತೀರ್ಪಿನಲ್ಲಿ ಇಲ್ಲದ ಪದವನ್ನು ತೀರ್ಪಿನ ಬಾಯಲ್ಲಿ ಇಡಬೇಡ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟ ಪದಕ್ಕೆ ಬರುತ್ತೇನೆ. 'ಅಮಾಯಕರು'. ಏಳು ಸಲ ಬಂದಿದೆ, ಎಣಿಸಿದೆ.

ನೀನು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀಯ. ಆದರೆ ಆ ಪದ ಏನು ಮಾಡುತ್ತದೆ ನೋಡು. ಜುಲೈ 11ಕ್ಕೆ ಊರು ಬಿದ್ದಾಗ ಹೆಂಗಸರು, ಮಕ್ಕಳು, ವಯಸ್ಸಾದವರು ಹತ್ತಿರದ ಪೊಟೊಚಾರಿಯಲ್ಲಿದ್ದ ವಿಶ್ವಸಂಸ್ಥೆಯ ಡಚ್ ಶಾಂತಿಪಡೆಯ ಶಿಬಿರದ ಕಡೆ ಓಡಿದರು. ಹತ್ತು ಸಾವಿರಕ್ಕೂ ಹೆಚ್ಚು ಗಂಡಸರು ಕಾಡಿನ ದಾರಿ ಹಿಡಿದು, ಬೋಸ್ನಿಯಾ ಸರ್ಕಾರದ ಕೈಯಲ್ಲಿದ್ದ ತುಜ್ಲಾ ಕಡೆ ನಡೆದರು. ಅವರಲ್ಲಿ ಸೈನಿಕರೂ ಇದ್ದರು, ಕೆಲವರ ಕೈಯಲ್ಲಿ ಬಂದೂಕೂ ಇತ್ತು. ಈ ಕೊಲೆಗಳನ್ನು ಅಲ್ಲಗಳೆಯುವವರು ಹಿಡಿದುಕೊಳ್ಳುವುದು ಇದನ್ನೇ. 'ನೋಡಿ, ಅವರು ಅಮಾಯಕರಲ್ಲ, ಸೈನಿಕರು' ಅನ್ನುತ್ತಾರೆ. ಸತ್ತವರೆಲ್ಲ ಅಮಾಯಕರು ಅಂತ ಸಾಧಿಸಲು ಹೊರಟವನು ಅಲ್ಲೇ ಸೋಲುತ್ತಾನೆ.

ಕಾನೂನು ಅಮಾಯಕನಾ ಅಂತ ಕೇಳುವುದೇ ಇಲ್ಲ. ಯುದ್ಧದಲ್ಲೂ ಏನು ಮಾಡಬಾರದು ಅಂತ ಹೇಳುವ 1949ರ ಜಿನೀವಾ ಒಪ್ಪಂದಗಳು ನಾಲ್ಕು. ನಾಲ್ಕರಲ್ಲೂ ಮೂರನೇ ವಿಧಿ ಒಂದೇ. ಆಯುಧ ಕೆಳಗಿಟ್ಟವನನ್ನು, ಗಾಯಗೊಂಡವನನ್ನು, ಸೆರೆ ಸಿಕ್ಕವನನ್ನು ಕೊಲ್ಲುವಂತಿಲ್ಲ. ನಿನ್ನೆ ಅವನು ಗುಂಡು ಹಾರಿಸಿದ್ದರೂ ಸರಿ, ಇವತ್ತು ಕೈ ಎತ್ತಿದ ಮೇಲೆ ಕೊಲ್ಲುವಂತಿಲ್ಲ. ಕ್ರಾವಿತ್ಸ ಹಳ್ಳಿಯ ಗೋಡೌನಿನಲ್ಲಿ ಜುಲೈ 13ರಂದು ಸತ್ತ ಸುಮಾರು ಸಾವಿರ ಮಂದಿ ಸೆರೆ ಸಿಕ್ಕವರು. ಹೆಣ ಹೂತ ಗುಂಡಿಗಳನ್ನು ಅಗೆದಾಗ ಕೈ ಕಟ್ಟಿದ ತಂತಿ, ಕಣ್ಣಿಗೆ ಕಟ್ಟಿದ ಬಟ್ಟೆ ಸಿಕ್ಕವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಯಾರೂ ಯುದ್ಧ ಮಾಡುವುದಿಲ್ಲ. ಏಳು 'ಅಮಾಯಕರು' ತೆಗೆದು, ಈ ಬಟ್ಟೆಯ ಬಗ್ಗೆ ಒಂದು ಸಾಲು ಸೇರಿಸು.

ಸಂಖ್ಯೆಯ ವಿಷಯಕ್ಕೆ ಬರೋಣ. ಸ್ರೆಬ್ರೆನಿತ್ಸದಲ್ಲಿ ಸತ್ತವರು 'ಹತ್ತು ಸಾವಿರಕ್ಕೂ ಹೆಚ್ಚು' ಅಂತ ಒಂದು ಕಡೆ, 'ಬೋಸ್ನಿಯಾದಲ್ಲಿ ಎರಡು ಲಕ್ಷ' ಅಂತ ಇನ್ನೊಂದು ಕಡೆ ಇದೆ. ಎರಡು ಲಕ್ಷ ಅನ್ನುವುದನ್ನು ಯುದ್ಧದ ಕಾಲದಿಂದ ಎಲ್ಲರೂ ಹೇಳಿಕೊಂಡು ಬಂದರು. ಆಮೇಲೆ ರಾಜಧಾನಿ ಸರಾಯೆವೊದ ಒಂದು ದಾಖಲಾತಿ ಕೇಂದ್ರ, ಮಿರ್ಸಾದ್ ತೊಕಾಚಾ ಅನ್ನುವವರ ಮುಂದಾಳತ್ವದಲ್ಲಿ, ಹೆಸರು ಹಿಡಿದು ಎಣಿಸಲು ಕೂತಿತು. ಬೋಸ್ನಿಯಾಕ್ (ಅಂದರೆ ಅಲ್ಲಿಯ ಮುಸ್ಲಿಮರು), ಸರ್ಬ್, ಕ್ರೊಯಾಟ್ ಅನ್ನದೆ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರು. 2013ರಲ್ಲಿ ಆ ಪಟ್ಟಿ ಪುಸ್ತಕವಾಗಿ ಬಂತು. 95,940 ಹೆಸರು. ಸತ್ತವರನ್ನು ಅರ್ಧಕ್ಕೆ ಇಳಿಸಿದ ಅಂತ ತೊಕಾಚಾ ಮೇಲೆ ಅವರ ಕಡೆಯವರೇ ಸಿಟ್ಟಾದರು. ಆದರೆ ಆ ಪಟ್ಟಿ ಇನ್ನೊಂದು ಕೆಲಸವನ್ನೂ ಮಾಡಿತು. ಸತ್ತ ನಾಗರಿಕರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬೋಸ್ನಿಯಾಕರು ಅನ್ನುವುದು ಹೆಸರುಗಳಿಂದಲೇ ಗೊತ್ತಾಯಿತು. ಎರಡು ಲಕ್ಷ ಅನ್ನುವುದು ಅಂದಾಜು, ಯಾರು ಬೇಕಾದರೂ ಅಲ್ಲಾಡಿಸಬಹುದು. ಹೆಸರು, ಹುಟ್ಟಿದ ದಿನ, ಸತ್ತ ಜಾಗ ಇರುವ ಪಟ್ಟಿಯನ್ನು ಅಲ್ಲಾಡಿಸುವುದು ಕಷ್ಟ. ನಾವು ಸತ್ತವರ ಪರವಾಗಿದ್ದೇವೆ ಅಂತ ಒಬ್ಬನನ್ನು ಜಾಸ್ತಿ ಸೇರಿಸಿದರೂ, ನಿಜವಾಗಿ ಸತ್ತವನ ಹೆಸರಿನ ಮೇಲೆ ಅನುಮಾನ ತಂದ ಹಾಗೆ.

ಪೊಟೊಚಾರಿಯ ಸ್ಮಾರಕದಲ್ಲಿ ಒಂದು ಕಲ್ಲು ಇದೆ. ಅದರ ಮೇಲೆ 8372 ಅಂತ ಕೆತ್ತಿದ್ದಾರೆ. ಪಕ್ಕದಲ್ಲಿ ಮೂರು ಚುಕ್ಕಿ. ಇದು ಕೊನೆಯ ಸಂಖ್ಯೆಯಲ್ಲ ಅಂತಲೂ ಬರೆದಿದ್ದಾರೆ. ಅಷ್ಟು ನೋವು ತಿಂದ ಜನ ಕಲ್ಲಿನ ಮೇಲೂ ಎಷ್ಟು ಎಚ್ಚರವಾಗಿ ಬರೆದಿದ್ದಾರೆ! ನಾವು ಕಾಗದದ ಮೇಲೆ 'ಹತ್ತು ಸಾವಿರಕ್ಕೂ ಹೆಚ್ಚು' ಅಂತ ಹೇಗೆ ಬರೆಯುವುದು?

ಆ ಚುಕ್ಕಿಗಳ ಹಿಂದೆ ಏನಿದೆ ಅನ್ನುವುದನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಲೇಖನದ ಜೀವ ಇರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ. ಆಗಸ್ಟ್ 1995ರಲ್ಲಿ ಅಮೆರಿಕ ಆಕಾಶದಿಂದ ತೆಗೆದ ಫೋಟೋಗಳನ್ನು ಭದ್ರತಾ ಮಂಡಳಿಯಲ್ಲಿ ತೋರಿಸಿತು. ಹೊಸದಾಗಿ ಕೆದಕಿದ ಮಣ್ಣು ಕಾಣುತ್ತಿತ್ತು. ಕೊಂದವರಿಗೆ ಭಯವಾಯಿತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಣ್ಣು ಅಗೆಯುವ ಯಂತ್ರ ತಂದು ಹೆಣಗಳನ್ನು ಎತ್ತಿ, ಲಾರಿಗೆ ತುಂಬಿ, ದೂರದ ಬೇರೆ ಗುಂಡಿಗಳಿಗೆ ಸುರಿದರು. ಯಂತ್ರದ ಹಲ್ಲಿಗೆ ಸಿಕ್ಕಿ ದೇಹಗಳು ತುಂಡಾದವು. ಒಬ್ಬನೇ ಮನುಷ್ಯನ ಕಾಲು ಒಂದು ಗುಂಡಿಯಲ್ಲಿ, ಭುಜ ಇನ್ನೊಂದರಲ್ಲಿ. ಕೊಜ್ಲುಕ್‌ನಲ್ಲಿ ಕೊಂದ ಜಾಗದ ಹತ್ತಿರ ಒಡೆದ ಬಾಟಲಿಗಳ ರಾಶಿ ಇತ್ತು. ಅದೇ ಗಾಜಿನ ಚೂರು ಎಷ್ಟೋ ದೂರದ ಗುಂಡಿಯಲ್ಲಿ ಸಿಕ್ಕಿತು. ಮುಚ್ಚಿಟ್ಟದ್ದನ್ನು ಗಾಜು ಹೇಳಿತು.

ಮೊದಮೊದಲು ಬಟ್ಟೆ ನೋಡಿ ಗುರುತು ಹಿಡಿಯಬೇಕಿತ್ತು. ಸಿಕ್ಕಿದ ಬಟ್ಟೆ, ಬೂಟು, ಗಡಿಯಾರಗಳ ಫೋಟೋ ಪುಸ್ತಕ ಮಾಡಿ ತಾಯಂದಿರ ಮುಂದೆ ಇಡುತ್ತಿದ್ದರು. ತಾನೇ ಹೊಲಿಗೆ ಹಾಕಿದ ಅಂಗಿ ಇದೆಯಾ ಅಂತ ಅವರು ಪುಟ ತಿರುಗಿಸಬೇಕಿತ್ತು. ಆಮೇಲೆ ಕಾಣೆಯಾದವರ ಅಂತರರಾಷ್ಟ್ರೀಯ ಆಯೋಗ ಮನೆಯವರ ರಕ್ತ ತೆಗೆದುಕೊಂಡು ಡಿಎನ್ಎ ಹೋಲಿಸಲು ಶುರು ಮಾಡಿತು. 2001ರ ನವೆಂಬರಿನಲ್ಲಿ ಮೊದಲ ಹೊಂದಿಕೆ ಸಿಕ್ಕಿತು. ಇಲ್ಲಿಯವರೆಗೆ ಸುಮಾರು 7,000 ಜನರ ಗುರುತು ಸಿಕ್ಕಿದೆ. ಗುರುತು ಸಿಕ್ಕಿತು ಅಂತ ಫೋನ್ ಬಂದಾಗ ಮನೆಯವರು ಒಂದು ತೀರ್ಮಾನ ಮಾಡಬೇಕು. ಸಿಕ್ಕಿದ ಒಂದೆರಡು ಮೂಳೆಯನ್ನೇ ಮಣ್ಣು ಮಾಡುವುದಾ? ಇನ್ನಷ್ಟು ಸಿಗಲಿ ಅಂತ ಕಾಯುವುದಾ? ಮಣ್ಣು ಮಾಡಿದ ಮೇಲೆ ಮತ್ತೊಂದು ಮೂಳೆ ಸಿಕ್ಕಿ, ಗೋರಿ ಮತ್ತೆ ತೆರೆದದ್ದೂ ಇದೆ. ದೇಹ ಸಿಗದ ಮನೆಯಲ್ಲಿ ತಿಥಿ ಯಾವತ್ತು ಮಾಡಬೇಕು ಅಂತ ಗೊತ್ತಾಗದೆ ಕೂರುವ ಸಂಕಟ ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಈ ಸಂಕಟವನ್ನು ಕಾನೂನು ಕೂಡ ಕಂಡಿದೆ. ಕಾಣೆಯಾದವರಿಗೆ ಏನಾಯಿತು ಅಂತ ತಿಳಿಯುವ ಹಕ್ಕು ಮನೆಯವರಿಗಿದೆ ಅಂತ ಜಿನೀವಾ ಒಪ್ಪಂದಗಳಿಗೆ ಸೇರಿಸಿದ 1977ರ ಮೊದಲ ಹೆಚ್ಚುವರಿ ಒಡಂಬಡಿಕೆಯ 32ನೇ ವಿಧಿ ಹೇಳುತ್ತದೆ. ಕಾನೂನಿನ ಪುಸ್ತಕದಲ್ಲಿ ಆ ಸಾಲು ಓದಿದ ದಿನ ನಾನು ಅತ್ತಿದ್ದೆ.

ನಿನ್ನ ಊರಿನ ಮುಂದೆ ವೀರಗಲ್ಲು ಇದೆ ಅಂದಿದ್ದೆಯಲ್ಲ. ತುರು ಬಿಡಿಸಲು ಹೋಗಿ ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು. ಹಳ್ಳಿಯ ಒಬ್ಬ ಮನುಷ್ಯನಿಗಾಗಿ ಇಷ್ಟು. ಆದರೆ ನಮ್ಮ ಕಲ್ಲುಗಳು ಹೋರಾಡಿ ಸತ್ತವನಿಗೆ. ಕೈ ಕಟ್ಟಿಸಿಕೊಂಡು ಸತ್ತವನಿಗೆ ಅಪ್ಸರೆಯರು ಬರುವುದಿಲ್ಲ. ಪೊಟೊಚಾರಿಯ ಬಿಳಿ ಕಲ್ಲುಗಳು ಅಂಥವರದು. ಹುಟ್ಟಿದ ವರ್ಷ ಒಂದೊಂದು ಕಲ್ಲಿಗೆ ಒಂದೊಂದು. ಸತ್ತ ವರ್ಷ ಎಲ್ಲ ಕಲ್ಲಿನ ಮೇಲೂ 1995. ಈ ಹೋಲಿಕೆಯನ್ನು ನಿನಗೆ ಬೇಕಾದರೆ ಬಳಸಿಕೋ, ಆದರೆ ನಾಲ್ಕು ಸಾಲಿಗಿಂತ ಉದ್ದ ಮಾಡಬೇಡ. ಅವರ ಕಥೆ ನಮ್ಮ ಕಥೆಯಾಗಿಬಿಡಬಾರದು.

ಇನ್ನೊಂದು ಮಾತು, ಇದು ನಿನಗೆ ಇಷ್ಟವಾಗದೆ ಇರಬಹುದು. ಕ್ರಾವಿತ್ಸ ಹಳ್ಳಿಗೆ ಇನ್ನೊಂದು ದಿನವೂ ಇದೆ. 1993ರ ಜನವರಿ 7, ಅಲ್ಲಿಯ ಸರ್ಬರ ಕ್ರಿಸ್ಮಸ್. ಸ್ರೆಬ್ರೆನಿತ್ಸದ ಕಡೆಯಿಂದ ಬಂದ ಬೋಸ್ನಿಯಾಕ್ ಪಡೆಗಳು ಆ ದಿನ ದಾಳಿ ಮಾಡಿದವು, ಮನೆ ಸುಟ್ಟವು, ಜನ ಸತ್ತರು. ನೀನು ಅದನ್ನು ಬಿಟ್ಟಿದ್ದೀಯ. ಬರೆದರೆ ಜುಲೈನ ಕೊಲೆಗೆ ಸಮರ್ಥನೆ ಆಗಿಬಿಡುತ್ತದೆ ಅಂತ ಹೆದರಿದೆಯಾ? ಆಗುವುದಿಲ್ಲ. ಜನವರಿಯ ಸಾವು ಜುಲೈನ ಸಾವನ್ನು ಸರಿ ಮಾಡುವುದಿಲ್ಲ. ಎರಡೂ ಸಮ ಅಂತ ತೂಗಬೇಕಾಗಿಯೂ ಇಲ್ಲ. ಆದರೆ ಆ ಹಳ್ಳಿಯ ಸರ್ಬ್ ಮುದುಕಿಯೂ ಯಾರದೋ ತಾಯಿ. ಒಂದು ಪ್ಯಾರಾ ಅವಳಿಗೂ ಕೊಡು.

ಕೊನೆಯಲ್ಲಿ ನೀನು ಕೇಳಿದ್ದಕ್ಕೆ ಉತ್ತರ: ಭಾರತಕ್ಕೆ ಇದರ ನಂಟು ಇದೆ. ಹಿಂದಿನ ಯುಗೊಸ್ಲಾವಿಯಾಕ್ಕೆ ವಿಶ್ವಸಂಸ್ಥೆ ಕಳಿಸಿದ ಪಡೆಯ ಮೊದಲ ಮುಖ್ಯಸ್ಥ ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಅವರು 1993ರ ಮಾರ್ಚ್‌ನಲ್ಲೇ ಅಲ್ಲಿಂದ ಬಂದಿದ್ದರು. ಸ್ರೆಬ್ರೆನಿತ್ಸವನ್ನು 'ಸುರಕ್ಷಿತ ಪ್ರದೇಶ' ಅಂತ ಘೋಷಿಸಿದ್ದು ಆಮೇಲೆ, ಏಪ್ರಿಲ್ 16ಕ್ಕೆ. 2024ರ ಮೇ 23ರಂದು ಜುಲೈ 11ನ್ನು ನೆನಪಿನ ದಿನ ಮಾಡುವ ನಿರ್ಣಯಕ್ಕೆ ವಿಶ್ವಸಂಸ್ಥೆಯಲ್ಲಿ 84 ದೇಶಗಳು ಹೂಂ ಅಂದವು, 19 ವಿರೋಧಿಸಿದವು, 68 ತಟಸ್ಥವಾಗಿ ಉಳಿದವು. ನಮ್ಮ ದೇಶ ತಟಸ್ಥರ ಸಾಲಿನಲ್ಲಿತ್ತು. ನನಗೆ ಅದು ಬೇಸರ ತಂದಿತು. ಇದನ್ನು ಬರೆಯಲು ಹಿಂಜರಿಯಬೇಡ.

'ಮಾನವೀಯತೆ ತಲೆತಗ್ಗಿಸಿದ ದಿನ' ಅನ್ನುವ ನಿನ್ನ ಮೊದಲ ಸಾಲು ಹೊಡೆದುಹಾಕಿದ್ದೇನೆ. ಬಟ್ಟೆಯ ಫೋಟೋ ಪುಸ್ತಕದಿಂದ ಶುರು ಮಾಡಿ ನೋಡು. ತಿದ್ದಿದ ಪ್ರತಿಯನ್ನು ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸು. ಫೋನಿನಲ್ಲಿ ಓದಲು ಕಣ್ಣು ಕೇಳುತ್ತಿಲ್ಲ. ಅಮ್ಮನ ಮಂಡಿನೋವು ಹೇಗಿದೆ ಅಂತಲೂ ಬರೆ.

ನಿನ್ನ,
ಅಕ್ಕ