ಅದು ಚಿರತೆ ಮರಿಯಲ್ಲ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ನಾನು ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರ. ಈ ಸಲ ಕಟಾವಿನಲ್ಲಿ ಆಳುಗಳು "ಚಿರತೆ ಮರಿ!" ಅಂತ ಕೂಗಿಕೊಂಡರು. ಸೋಗೆ ನಡುವೆ ಮುದುರಿ ಕೂತಿತ್ತು. ಹಿಂಗಾಲಿಗೆ ಮಚ್ಚು ತಗುಲಿ ರಕ್ತ ಸೋರುತ್ತಿತ್ತು. ಹತ್ತು ನಿಮಿಷದಲ್ಲಿ ಊರೇ ನೆರೆಯಿತು. ತಾಯಿ ಚಿರತೆ ಬಂದೀತು ಅನ್ನುವ ಭಯ ಒಂದು ಕಡೆ, ಮೊಬೈಲ್ ಹಿಡಿದು ನುಗ್ಗುವವರು ಇನ್ನೊಂದು ಕಡೆ. ಫಾರೆಸ್ಟ್ ಗಾರ್ಡ್‌ಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಗೋಣಿಚೀಲ ಮುಚ್ಚಿ, ಟೊಮೆಟೊ ಕ್ರೇಟಿನಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದೆವು.

ಡಾಕ್ಟರು ಮೊದಲು ತುಟಿ ಎತ್ತಿ ಹಲ್ಲು ನೋಡಿದರು. "ಇದು ಮರಿಯಲ್ಲ ಕಣ್ರೀ, ಬೆಳೆದ ಬೆಕ್ಕು" ಅಂದರು. ತೂಕ 1 ಕಿಲೋ 200 ಗ್ರಾಂ, ಅಷ್ಟೇ. ಹಣೆಯಿಂದ ಕತ್ತಿನ ತನಕ ನಾಲ್ಕು ಗೆರೆ, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆ. ರಸ್ಟಿ ಸ್ಪಾಟೆಡ್ ಕ್ಯಾಟ್ ಅಂತ ಹೆಸರು. ಪ್ರಪಂಚದ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಒಂದು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಚಿರತೆ ಇರುವ ಪಟ್ಟಿಯಲ್ಲೇ ಇದೂ ಇದೆ. ತಿನ್ನುವುದು ಇಲಿ, ಹಕ್ಕಿ, ಓತಿಕ್ಯಾತ. ಕಬ್ಬಿಗೆ ಇಲಿ ಕಾಟ ಎಷ್ಟು ಅಂತ ನಮ್ಮನ್ನು ಕೇಳಿ. ನಮಗೆ ಉಪಕಾರ ಮಾಡುವ ಪ್ರಾಣಿಯನ್ನು ಗುರುತು ಸಿಗದೆ ಹೊಡೆದು ಹಾಕುವ ಹಾಗಾಗಬಾರದು ಅಲ್ವಾ?

ತಾನೇ ಕರಗುವ ದಾರದಲ್ಲಿ ಹೊಲಿಗೆ ಬಿತ್ತು. ಆಮೇಲೆ ಎಲ್ಲಿಡುವುದು? ಅಲ್ಲಿರುವುದು ಹಸು ಎಮ್ಮೆ ಕಟ್ಟುವ ಜಾಗ. ಕೊನೆಗೆ ಔಷಧಿ ಇಡುವ ಕೋಣೆಯಲ್ಲೇ ಇಟ್ಟರು. ಡಾಕ್ಟರು ತಮ್ಮ ಹಳೇ ಫೋನನ್ನು ಕಪಾಟಿನ ಮೇಲಿಟ್ಟು ವಿಡಿಯೊ ಕಾಲ್ ಹಾಕಿ, ಬಾಗಿಲು ಎಳೆದುಕೊಂಡರು. ಜಗಲಿಯಲ್ಲಿ ಕೂತು ಅದರ ಉಸಿರು ಎಣಿಸಿದೆವು. ಹೊರಗೆ ಯಾರಾದರೂ ಜೋರಾಗಿ ಮಾತಾಡಿದರೆ ಸಾಕು, ಕಿವಿ ತಲೆಗೆ ಅಂಟುತ್ತಿತ್ತು, ಹೊಟ್ಟೆ ದಡದಡ ಅನ್ನುತ್ತಿತ್ತು. ಹನ್ನೊಂದರ ಮೇಲೆ ಜನ ಕರಗಿದರು. ಆಗ ನಿಧಾನವಾಗಿ ತಲೆ ಎತ್ತಿ ಮುಂಗಾಲು ನೆಕ್ಕಿಕೊಂಡಿತು. ರಾತ್ರಿ ಎರಡಕ್ಕೆ ಕೋಳಿ ತುಂಡು ಬಾಯಿಗೆ ಹಾಕಿತು. "ಬದುಕಿತು ಬಿಡಿ" ಅಂದರು ಡಾಕ್ಟರು. ಕಾಡುಪ್ರಾಣಿ ಗಾಯಕ್ಕಿಂತ ಗಾಬರಿಗೇ ಸಾಯಬಹುದು ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಒಂಬತ್ತನೇ ರಾತ್ರಿ ಗಾರ್ಡ್ ಅದನ್ನು ಅದೇ ಕಬ್ಬಿನ ಗದ್ದೆಯ ಬದುವಿನಲ್ಲಿ ಬಿಟ್ಟರು.

ಸ್ವಾಮಿ, ಪ್ರಾಣಿ ನಿಮ್ಮ ಇಲಾಖೆಯದ್ದು, ಆಸ್ಪತ್ರೆ ಪಶುಸಂಗೋಪನೆಯವರದ್ದು. ದಯವಿಟ್ಟು ಇಬ್ಬರೂ ಸಚಿವರು ಒಮ್ಮೆ ಕೂತು ಮಾತಾಡಿ. ಕಬ್ಬಿನ ತಾಲ್ಲೂಕುಗಳಲ್ಲಿ ಒಂದೊಂದು ಪಶು ಆಸ್ಪತ್ರೆಗಾದರೂ ಗಲಾಟೆ ಇಲ್ಲದ ಒಂದು ಕತ್ತಲೆ ಕೋಣೆ, ಒಂದು ಬೋನು, ಒಂದು ಚಿಕ್ಕ ಕ್ಯಾಮೆರಾ ಕೊಡಿಸಿ. ಮೈಸೂರು ಮೃಗಾಲಯದ ಕೂರ್ಗಳ್ಳಿ ಪ್ರಾಣಿ ಪುನರ್ವಸತಿ ಕೇಂದ್ರದಲ್ಲಿ ಕಾಡುಪ್ರಾಣಿ ನೋಡಿಕೊಂಡು ಪಳಗಿದ ವೈದ್ಯರಿದ್ದಾರೆ. ಅವರಿಂದ ನಮ್ಮ ಡಾಕ್ಟರುಗಳಿಗೆ ಎರಡು ದಿನ ತರಬೇತಿ ಕೊಡಿಸಿದರೆ ಸಾಕು.

ಇನ್ನೊಂದು. ಚಿರತೆ ಮರಿ ಯಾವುದು, ಈ ಬೆಕ್ಕು ಯಾವುದು ಅಂತ ಫೋಟೊ ಹಾಕಿದ ಒಂದು ಹಾಳೆ ಅಚ್ಚು ಹಾಕಿಸಿ. ಗಾಯವಾಗದ ಮರಿ ಸಿಕ್ಕರೆ ಮುಟ್ಟದೆ ದೂರ ಸರಿಯಿರಿ, ಗಾರ್ಡ್‌ಗೆ ತಿಳಿಸಿ, ಕತ್ತಲಾದ ಮೇಲೆ ತಾಯಿ ಬಂದು ಒಯ್ಯಬಹುದು ಅಂತಲೂ ಅದರಲ್ಲಿ ಬರೆಸಿ. ಮುಂದಿನ ಸಲ ಕಾರ್ಖಾನೆ ಶುರುವಾಗುವ ಮುಂಚೆ ಆ ಹಾಳೆ ಕಟಾವು ಮೇಸ್ತ್ರಿಗಳ ಕೈಗೆ ಸಿಗಬೇಕು.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ರೈತ